ಎಡಕ್ಕೊಂದು ಕಾರು, ಬಲಕ್ಕೊಂದು ಕಾರು: ಒಂದು 1/12 ಪ್ಯಾನ್ ಕಾರಿನ ಸೆಟಪ್ ಪ್ರಕರಣ

ಇದು ನಮ್ಮ ಜೊತೆ ರೇಸ್ ಮಾಡೋ ಗೆಳೆಯರೊಬ್ಬರ 1/12 ಸ್ಕೇಲ್ ಪ್ಯಾನ್ ಕಾರಿನ ವಿಷಯ, ಅಂದ್ರೆ ರಿಮೋಟಲ್ಲಿ ಓಡಿಸೋ, ನಿಜವಾದ ಕಾರಿನ ಹನ್ನೆರಡನೇ ಒಂದು ಭಾಗದಷ್ಟಿರೋ ಎಲೆಕ್ಟ್ರಿಕ್ ರೇಸ್ ಕಾರು. ಅವರ ಹೆಸರು, ಕ್ಲಬ್ಬು, ಕಾರಿನ ಕಂಪನಿ ಯಾವುದನ್ನೂ ಹಾಕ್ತಿಲ್ಲ, ಅವರನ್ನ ಕೇಳಿ ಒಪ್ಪಿಗೆ ತಗೊಂಡೇ ಬರೀತಿದೀನಿ. ಬರೀಲೇಬೇಕು ಅನ್ಸಿದ್ದು ಯಾಕಂದ್ರೆ ಪ್ಯಾನ್ ಕಾರು ಹೊಸದಾಗಿ ತಗೊಂಡೋರು ಎಷ್ಟೋ ಜನ ಮೊದಲ ಸೀಸನ್ ಮುಗಿಯೋ ಮೊದಲೇ "ಇದು ನನ್ನ ಕೈಲಿ ಓಡಲ್ಲ" ಅಂತ ಮಾರಿಬಿಡ್ತಾರೆ, ಅಂಥ ಕಾರುಗಳನ್ನ ಆಮೇಲೆ ಬೇರೆಯವರು ತಗೊಂಡು ಬಿಚ್ಚಿ ನೋಡಿದಾಗ ಎಷ್ಟೋ ಸಲ ಸಿಗೋದು ಇಲ್ಲಿ ಹೇಳೋ ಥರದ್ದೇ ತೊಂದ್ರೆ. ಕಾರು ಚೆನ್ನಾಗೇ ಇರುತ್ತೆ, ಓಡಿಸೋರೂ ಚೆನ್ನಾಗೇ ಓಡಿಸ್ತಾರೆ, ಮಧ್ಯೆ ಏನೋ ಒಂದು ಸಣ್ಣದು ಎಳೀತಾ ಇರುತ್ತೆ.

ಪ್ಯಾನ್ ಕಾರು ನೋಡಿಲ್ದೋರಿಗೆ ಒಂದೆರಡು ಮಾತು. ಚಾಸಿ ಅಂದ್ರೆ ಒಂದು ಚಪ್ಪಟೆ ಕಾರ್ಬನ್ ಪ್ಲೇಟು. ಹಿಂದೆ ಮೋಟರು, ಆಕ್ಸಲ್ಲು ಎರಡೂ ಕೂತಿರೋ ಒಂದು ಪುಟ್ಟ ಚೌಕಟ್ಟು, ಅದಕ್ಕೆ ಪಾಡ್ ಅಂತೀವಿ. ಬೆಲ್ಟು ಶಾಫ್ಟು ಏನೂ ಇಲ್ಲ, ಮೋಟರಿನ ಚಿಕ್ಕ ಗೇರು, ಪಿನಿಯನ್, ಸೀದಾ ಹಿಂದಿನ ಆಕ್ಸಲ್ ಮೇಲಿರೋ ದೊಡ್ಡ ಸ್ಪರ್ ಗೇರನ್ನ ತಿರುಗಿಸುತ್ತೆ, ಆ ಸ್ಪರ್ ಒಳಗೇ ಬಾಲ್ ಡಿಫ್, ತಿರುವಲ್ಲಿ ಎರಡೂ ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋದು. ಹಿಂದಿನ ಚಕ್ರಗಳಿಗೆ ಒಂದೊಂದಕ್ಕೂ ಬೇರೆ ಸಸ್ಪೆನ್ಷನ್ ಇರಲ್ಲ, ಇಡೀ ಪಾಡ್‌ ಚಾಸಿಯಿಂದ ಬೇರೆಯಾಗಿ ಮೇಲೆ ಕೆಳಗೆ ಆಡುತ್ತೆ, ಎಡಕ್ಕೆ ಬಲಕ್ಕೆ ವಾಲುತ್ತೆ. ಮೇಲೆ ಕೆಳಗೆ ಆಡೋದನ್ನ ಸೆಂಟರ್ ಶಾಕ್ ಹಿಡಿಯುತ್ತೆ, ವಾಲೋದನ್ನ ಎರಡು ಸೈಡ್ ಸ್ಪ್ರಿಂಗು ಮತ್ತೆ ಗಟ್ಟಿ ಸಿಲಿಕಾನ್ ಎಣ್ಣೆ ಹಾಕಿರೋ ಡ್ಯಾಂಪರ್ ಟ್ಯೂಬುಗಳು ಹಿಡಿಯುತ್ವೆ. ಮುಂದೆ ಸ್ಟೀರಿಂಗಿಗೆ ಚಕ್ರ ಹೊರಳೋ ಕಿಂಗ್‌ಪಿನ್ ಅನ್ನೋ ಸರಳಿನ ಮೇಲೆ ಸಣ್ಣ ಸ್ಪ್ರಿಂಗು, ಅಷ್ಟೇ. ಟೈರು ಫೋಮಿಂದು. ಬಹಳಷ್ಟು ರೂಲ್‌ಬುಕ್ಕಲ್ಲಿ ಕನಿಷ್ಠ ತೂಕ 730 ಗ್ರಾಂ ಇರುತ್ತೆ, ರೇಸು 8 ನಿಮಿಷ. 1982ರಿಂದ ಇಫ್ಮಾರ್ (ಮಾಡೆಲ್ ಕಾರ್ ರೇಸಿಂಗಿನ ಅಂತರರಾಷ್ಟ್ರೀಯ ಒಕ್ಕೂಟ) ವಿಶ್ವ ಚಾಂಪಿಯನ್‌ಶಿಪ್ ನಡೀತಿರೋ ಕ್ಲಾಸು ಇದು. ಇಷ್ಟು ಕಡಿಮೆ ಪಾರ್ಟ್ ಇಟ್ಕೊಂಡು ಇಷ್ಟು ವೇಗವಾಗಿ ತಿರುಗೋ ಕಾರು ನನಗೆ ಇನ್ನೊಂದು ಗೊತ್ತಿಲ್ಲ, ಅದಕ್ಕೇ ಇದರ ಮೇಲೆ ಅಷ್ಟು ಪ್ರೀತಿ.

ಕಾರು ಆರಿಸ್ಕೊಂಡಿದ್ದು

ಗೆಳೆಯರು ಅಲ್ಲಿವರೆಗೂ ಓಡಿಸ್ತಿದ್ದಿದ್ದು 1/10 ಟೂರಿಂಗ್ ಕಾರು. ನಾಲ್ಕೂ ಚಕ್ರಕ್ಕೆ ಡ್ರೈವು, ರಬ್ಬರ್ ಟೈರು. ಒಳಾಂಗಣದ ಕಾರ್ಪೆಟ್ ಟ್ರ್ಯಾಕಲ್ಲಿ ಪ್ಯಾನ್ ಕಾರುಗಳ ಓಟ ನೋಡಿ ಆಸೆ ಹುಟ್ಟಿ ಕೇಳ್ಕೊಂಡು ಬಂದ್ರು. ಆಗ ಅವರ ಮುಂದೆ ಮೂರು ದಾರಿ ಇತ್ತು.

ಮೊದಲನೇದು, ಒಬ್ಬರು ಮಾರ್ತಿದ್ದ ಹಳೇ ಟಿ-ಬಾರ್ ಕಾರು, ಸ್ಪೇರ್ ಪಾರ್ಟು ಟೈರು ಒಂದು ಡಬ್ಬದ ತುಂಬ ಜೊತೆಗೆ. ನೋಡೋಕೆ ಒಳ್ಳೆ ಡೀಲು. ಆದ್ರೆ ಆ ಚಾಸಿಯಲ್ಲಿ ಹಳೇ ಕಾಲದ ಗುಂಡನೆ ಸೆಲ್‌ಗಳು ಕೂರೋಕೆ ಸ್ಲಾಟ್ ಕೊರೆದಿದ್ರು. ಈ ಕ್ಲಾಸು ಹಿಂದೆ 1.2 ವೋಲ್ಟಿನ ಆರು ಸೆಲ್ ಇಟ್ಕೊಂಡು ಓಡ್ತಿತ್ತು, ಆಮೇಲೆ ನಾಲ್ಕು ಸೆಲ್ಲಿಗೆ ಇಳೀತು, ಈಗ ಒನ್ ಎಸ್ ಲಿಪೋ, ಅಂದ್ರೆ ಒಂದೇ ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ, ನಾಮಿನಲ್ 3.7 ವೋಲ್ಟು. ಹಳೇ ಚಾಸಿಗೆ ಲಿಪೋ ಕೂರಿಸ್ಬೇಕು ಅಂದ್ರೆ ಟೇಪು ಪ್ಯಾಕಿಂಗು ಅಂತ ಏನೇನೋ ಮಾಡ್ಬೇಕು, ತೂಕ ಎಲ್ಲಿ ಬೀಳ್ಬೇಕೋ ಅಲ್ಲಿ ಬೀಳಲ್ಲ. ಇನ್ನು ಟಿ-ಬಾರ್ ಅಂದ್ರೆ ಪಾಡನ್ನ ಚಾಸಿಗೆ ಸೇರಿಸೋ ಟಿ ಆಕಾರದ ಪ್ಲೇಟು, ಅದು ಬಾಗಿ ಬಾಗಿನೇ ಸ್ಪ್ರಿಂಗಿನ ಕೆಲಸನೂ ಮಾಡುತ್ತೆ, ಒಂದು ಜೋರು ಗುದ್ದಿಗೆ ಕಣ್ಣಿಗೆ ಕಾಣದಷ್ಟು ಸೊಟ್ಟ ಆದ್ರೂ ಸಾಕು. ಟಿ-ಬಾರ್ ಕಾರು ಕೆಟ್ಟದು ಅಂತ ನಾನು ಯಾವತ್ತೂ ಹೇಳಲ್ಲ, ಒರಟು ಟಾರ್ ಟ್ರ್ಯಾಕಲ್ಲಿ ಅದನ್ನೇ ಇಷ್ಟಪಟ್ಟು ಓಡಿಸೋರಿದಾರೆ. ಆದ್ರೆ ಮೊದಲ ಪ್ಯಾನ್ ಕಾರೇ ಯಾರೋ ಗುದ್ದಿಸಿರೋ ಟಿ-ಬಾರ್ ಆದ್ರೆ ತಪ್ಪು ಎಲ್ಲಿದೆ ಅಂತ ಹುಡುಕೋದು ತುಂಬ ಕಷ್ಟ.

ಎರಡನೇದು 1/10 ಫಾರ್ಮುಲಾ ಒನ್ ಪ್ಯಾನ್ ಕಾರು. ಅದೂ ಚೆಂದ, ರಬ್ಬರ್ ಟೈರೂ ಬರುತ್ತೆ, ಅವರಿಗಿದ್ದ ಟು ಎಸ್ ಅಂದ್ರೆ ಎರಡು ಸೆಲ್ಲಿನ ಬ್ಯಾಟರಿ, ಮೋಟರಿನ ವೇಗ ನಿಯಂತ್ರಿಸೋ ಸ್ಪೀಡೋ ಎರಡೂ ಹಾಗೇ ಹಾಕ್ಬಹುದಿತ್ತು. ಅಡ್ಡಿ ಒಂದೇ, ಅವರು ಓಡಿಸ್ಬೇಕು ಅಂತಿದ್ದ ಜಾಗದಲ್ಲಿ ಆ ಕ್ಲಾಸಿಗೆ ಜನ ಸೇರ್ತಿರ್ಲಿಲ್ಲ. ಒಬ್ಬರೇ ಸುತ್ತು ಹಾಕೋಕೆ ಯಾರೂ ರೇಸ್ ಕಾರು ತಗೊಳಲ್ಲ.

ಮೂರನೇದು ಹೊಸ 1/12 ಲಿಂಕ್ ಕಾರಿನ ಕಿಟ್ಟು, 13.5 ಟರ್ನ್ ಬ್ರಶ್‌ಲೆಸ್ ಮೋಟರು (ಟರ್ನ್ ಅಂದ್ರೆ ಒಳಗಿನ ತಂತಿಯ ಸುತ್ತು, ಕಡಿಮೆ ಇದ್ದಷ್ಟೂ ಮೋಟರ್ ವೇಗ), ಸ್ಪೀಡೋದಲ್ಲಿ ಟೈಮಿಂಗ್ ಸೊನ್ನೆ ಇರೋ, ಅಂದ್ರೆ ಸ್ಪೀಡೋ ತಾನಾಗಿ ಮೋಟರಿನ ವೇಗ ಏರಿಸದ ಬ್ಲಿಂಕಿ ಕ್ಲಾಸು. ಲಿಂಕ್ ಕಾರಲ್ಲಿ ಪಾಡು ಮಧ್ಯದ ಒಂದು ಪಿವಟ್ ಬಾಲು, ಎರಡು ಸೈಡ್ ಲಿಂಕು, ಇವುಗಳ ಮೇಲೆ ಆಡುತ್ತೆ, ಸ್ಪ್ರಿಂಗಿನ ಕೆಲಸ ಸ್ಪ್ರಿಂಗೇ ಮಾಡುತ್ತೆ. ಅದೇ ಕಾರನ್ನ ಆ ಟ್ರ್ಯಾಕಲ್ಲಿ ಆಗ್ಲೇ ಇಬ್ಬರು ಅನುಭವಸ್ಥರು ಓಡಿಸ್ತಿದ್ರು. ಗೆಳೆಯರು ಇದನ್ನೇ ಆರಿಸ್ಕೊಂಡ್ರು, ಈ ಇಡೀ ಪ್ರಕರಣದಲ್ಲಿ ಅವರು ತಗೊಂಡ ಅತ್ಯಂತ ಒಳ್ಳೆ ನಿರ್ಧಾರ ಇದು ಅಂತ ನಾನು ಈಗ್ಲೂ ಹೇಳ್ತೀನಿ. ಕಾರಿನ ಗುಣಕ್ಕಿಂತ ಹೆಚ್ಚಾಗಿ, ಪಕ್ಕದ ಟೇಬಲ್ಲಲ್ಲಿ ಅದೇ ಕಾರು ಸರಿಯಾಗಿ ಓಡ್ತಿರೋದು ಕಣ್ಣೆದುರಿಗೆ ಇರುತ್ತಲ್ಲ, ಅದರ ಬೆಲೆ ದೊಡ್ಡದು. ಆಮೇಲೆ ಅದೇ ಅವರನ್ನ ಕಾಪಾಡ್ತು ಕೂಡ.

ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ಒಂದು ಮಾತು ಮುಂಚೆನೇ ತಿಳ್ಕೊಂಡಿದ್ರಿಂದ ಬಚಾವಾದ್ರು. ಟೂರಿಂಗ್ ಕಾರಿನ ಸ್ಪೀಡೋ ಒನ್ ಎಸ್ಸಲ್ಲಿ ಕೆಲಸ ಮಾಡುತ್ತೆ ಅಂತ ಅಂದ್ಕೊಳ್ಳೋ ಹಾಗಿಲ್ಲ. ಫುಲ್ ಚಾರ್ಜಲ್ಲೇ 4.2 ವೋಲ್ಟು, ಜೋರಾಗಿ ಥ್ರಾಟಲ್ ಕೊಟ್ಟಾಗ ಇನ್ನೂ ಬೀಳುತ್ತೆ, ರೇಡಿಯೋ ಸಿಗ್ನಲ್ ಹಿಡಿಯೋ ರಿಸೀವರಿಗೆ, ಸ್ಟೀರಿಂಗ್ ತಿರುಗಿಸೋ ಸರ್ವೋಗೆ ಅದು ಸಾಲಲ್ಲ. ಒಳಗೇ ವೋಲ್ಟೇಜ್ ಏರಿಸೋ ಬೂಸ್ಟರ್ ಇರೋ ಒನ್ ಎಸ್ ಸ್ಪೀಡೋ ಬೇಕು, ಇಲ್ಲ ಬೇರೆ ಬೂಸ್ಟರ್ ಹಾಕ್ಬೇಕು. ಅವರು ಒಳಗೇ ಬೂಸ್ಟರ್ ಇರೋದನ್ನ ತಗೊಂಡ್ರು, ವೈರು ಕಡಿಮೆ ಆಗ್ಲಿ ಅಂತ. ಚಿಕ್ಕ ಸರ್ವೋ, ಚಿಕ್ಕ ರಿಸೀವರು. ಮೋಟರಿನ ವೈರ್ ಮಾತ್ರ ಟೂರಿಂಗ್ ಕಾರಲ್ಲಿ ಹಾಕ್ತಿದ್ದ ಅದೇ ದಪ್ಪ ವೈರು, ಗಿಡ್ಡಕ್ಕೆ ಕಟ್ ಮಾಡಿ, ಸ್ಪೀಡೋದಿಂದ ಮೋಟರಿಗೆ ಸೀದಾ, ನೀಟಾಗಿ. ನೋಡಿದೋರೆಲ್ಲ ವೈರಿಂಗ್ ಎಷ್ಟು ಚೆನ್ನಾಗಿದೆ ಅಂದ್ರು.

ತೊಂದ್ರೆ ಶುರುವಾಗಿದ್ದು

ಮೊದಲ ದಿನ ಎಲ್ಲಾ ಕಿಟ್ ಸೆಟಪ್ಪಲ್ಲೇ ಓಡಿಸಿದ್ರು, ಪರವಾಗಿಲ್ಲ ಅನ್ನೋ ಹಾಗಿತ್ತು. ಸ್ವಲ್ಪ ವೇಗ ಹಿಡಿಯೋಕೆ ಶುರು ಮಾಡಿದ್ಮೇಲೆ ಗೊತ್ತಾಯ್ತು, ಎಡ ತಿರುವಲ್ಲಿ ಥ್ರಾಟಲ್ ಕೊಟ್ಟ ತಕ್ಷಣ ಹಿಂಭಾಗ ಜಾರಿ ಕಾರು ಗಿರ್ರಂತ ತಿರುಗಿಬಿಡ್ತಿತ್ತು, ಅದೇ ಕಾರು ಬಲ ತಿರುವಲ್ಲಿ ತಿರುಗೋಕೇ ಒಪ್ತಿರ್ಲಿಲ್ಲ, ಮುಂಭಾಗ ಸೀದಾ ಹೊರಗೆ ಹೋಗ್ತಿತ್ತು. ಇದರ ಜೊತೆ ಇನ್ನೆರಡು. 8 ನಿಮಿಷದ ರೇಸಲ್ಲಿ ಕೊನೇ ಭಾಗಕ್ಕೆ ಬಂದಾಗ ಹಿಂದಿನ ಹಿಡಿತ ಪೂರ್ತಿ ಕೈಕೊಡ್ತಿತ್ತು. ಮತ್ತೆ ವಾರದಿಂದ ವಾರಕ್ಕೆ ಸ್ಟ್ರೇಟಲ್ಲಿ ಕಾರು ನಿಧಾನ ಆಗ್ತಿದೆ, ಮೋಟರ್ ಸುಸ್ತಾಗಿದೆ ಅಂತ ಅವರಿಗೆ ಅನ್ನಿಸ್ತಿತ್ತು.

ಮೂರು ಲಕ್ಷಣ ಒಟ್ಟಿಗೆ ಕಾಣಿಸ್ಕೊಂಡ್ರೆ ಮನುಷ್ಯ ಒಂದೇ ಕಾರಣ ಹುಡುಕ್ತಾನೆ. ಇಲ್ಲಿ ಮೂರಕ್ಕೂ ಬೇರೆ ಬೇರೆ ಕಾರಣ ಇತ್ತು, ಅದಕ್ಕೇ ಇಷ್ಟು ದಿನ ಎಳೀತು.

ಅವರು ಮಾಡಿ ನೋಡಿದ್ದು ಟೂರಿಂಗ್ ಕಾರಿನ ಅಭ್ಯಾಸದ ಪ್ರಕಾರನೇ. ಜಾರ್ತಿದೆ ಅಂದ್ರೆ ಮುಂದಿನ ಸ್ಪ್ರಿಂಗ್ ಗಟ್ಟಿ ಮಾಡಿದ್ರು, 0.45 ಎಂಎಂ ವೈರಿನದು ತೆಗೆದು 0.50 ಹಾಕಿದ್ರು. ಎಡ ತಿರುವು ಸ್ವಲ್ಪ ಸುಧಾರಿಸ್ತು, ಬಲ ತಿರುವು ಇನ್ನೂ ಕೆಟ್ಟೋಯ್ತು. ಸೈಡ್ ಸ್ಪ್ರಿಂಗ್ ಮೆತ್ತಗಿಂದು ಹಾಕಿದ್ರು. ಡ್ಯಾಂಪರ್ ಟ್ಯೂಬಿಗೆ ಇನ್ನೂ ಗಟ್ಟಿ ಎಣ್ಣೆ. ಸೆಂಟರ್ ಶಾಕ್ ಎಣ್ಣೆ ಬದಲಾಯಿಸಿದ್ರು. ಹಿಂದಿನ ಟೈರು ಬೇರೆ ಬಣ್ಣದ ಕಾಂಪೌಂಡು. ಡಿಫ್ ಬಿಗಿ ಮಾಡಿದ್ರು, ಸಡಿಲ ಮಾಡಿದ್ರು. ಒಂದೊಂದು ಬದಲಾವಣೆನೂ ಒಂದು ರನ್ನಲ್ಲಿ ಅದ್ಭುತ ಅನ್ನಿಸೋದು, ಮುಂದಿನ ರನ್ನಲ್ಲಿ ಮತ್ತೆ ಅದೇ ಕತೆ. ಅವರು ಎಲ್ಲಾನೂ ಒಂದು ಪುಸ್ತಕದಲ್ಲಿ ಬರ್ಕೊಳ್ತಿದ್ರು, ತುಂಬ ಶ್ರದ್ಧೆ ಇರೋ ಮನುಷ್ಯ, ಆದ್ರೆ ಆ ಪುಸ್ತಕದಲ್ಲಿ ಸ್ಪ್ರಿಂಗು ಎಣ್ಣೆ ಎಲ್ಲಾ ಇತ್ತು, ಟೈರಿನ ವ್ಯಾಸ ಇರ್ಲಿಲ್ಲ, ಹಿಡಿತಕ್ಕೆ ಅಂತ ಟೈರಿಗೆ ಹಚ್ಚೋ ಸಾಸ್ ಅನ್ನೋ ದ್ರವ ಎಷ್ಟು ಹೊತ್ತು ಹಚ್ಚಿಟ್ಟಿದ್ರು ಅನ್ನೋದು ಇರ್ಲಿಲ್ಲ. ಫೋಮ್ ಟೈರಲ್ಲಿ ಇವೆರಡು ಬರ್ಕೊಳ್ಳದೆ ಉಳಿದಿದ್ದು ಏನು ಬರ್ಕೊಂಡ್ರೂ ಒಂದು ರನ್ನಿಗೂ ಇನ್ನೊಂದು ರನ್ನಿಗೂ ಹೋಲಿಕೆನೇ ಮಾಡೋಕಾಗಲ್ಲ, ಯಾಕಂದ್ರೆ ಟೈರು ಪ್ರತಿ ರನ್ನಲ್ಲೂ ಸವೀತಾ ಇರುತ್ತೆ, ಸಾಸ್ ಹತ್ತು ನಿಮಿಷ ನೆನೆದಿದ್ದಕ್ಕೂ ಅರ್ಧ ಗಂಟೆ ನೆನೆದಿದ್ದಕ್ಕೂ ಟೈರಿನ ಹಿಡಿತನೇ ಬೇರೆ.

ಒಂದು ಹಂತದಲ್ಲಿ ರೇಡಿಯೋದಲ್ಲಿ, ಅಂದ್ರೆ ಕೈಲಿ ಹಿಡಿಯೋ ರಿಮೋಟಲ್ಲಿ, ಸ್ಟೀರಿಂಗ್ ಟ್ರಿಮ್ಮು, ಎಡಬಲ ಎಂಡ್ ಪಾಯಿಂಟು (ಚಕ್ರ ಎಷ್ಟರವರೆಗೆ ಹೊರಳ್ಬೇಕು ಅನ್ನೋ ಮಿತಿ) ಬೇರೆ ಬೇರೆ ಇಟ್ಕೊಂಡು ಓಡಿಸೋಕೆ ಶುರು ಮಾಡಿದ್ರು. ಬಲಕ್ಕೆ ಜಾಸ್ತಿ ಸ್ಟೀರಿಂಗು, ಎಡಕ್ಕೆ ಕಡಿಮೆ. ಲ್ಯಾಪ್ ಟೈಮ್ ಸ್ವಲ್ಪ ಇಳೀತು ಕೂಡ. ಆದ್ರೆ ಇದು ಮುಚ್ಚಿಡೋ ಕೆಲಸ. ಎರಡೂ ಕಡೆಗೂ ಒಂದೇ ಥರ ತಿರುಗದ ಕಾರನ್ನ ರೇಡಿಯೋದಲ್ಲಿ ಸರಿ ಮಾಡೋಕೆ ಹೋದ್ರೆ ಮುಂದೆ ಕಾರಲ್ಲಿ ಏನು ಬದಲಾಯಿಸಿದ್ರೂ ಅದರ ಪರಿಣಾಮ ಕಣ್ಣಿಗೆ ಬೀಳಲ್ಲ.

ಸ್ಪ್ರಿಂಗ್ ಪೆಟ್ಟಿಗೆ ಮುಚ್ಚಿಸಿದ್ದು

ಅವರು ಹೊಸ ಮೋಟರ್ ತಗೊಳೋಕೆ ಹೊರಟಾಗ ನಮ್ಮಲ್ಲಿ ಇಬ್ಬರು ಕೂತು ಮಾತಾಡಿದ್ವಿ. ನಾನು ಕೇಳಿದ್ದು ಇಷ್ಟೇ: "ಸ್ಪ್ರಿಂಗ್ ಪೆಟ್ಟಿಗೆ ಈವತ್ತು ತೆಗೀಬೇಡಿ. ಕಾರನ್ನ ಕಿಟ್ ಸೆಟಪ್ಪಿಗೆ ವಾಪಸ್ ತನ್ನಿ, ರೇಡಿಯೋದಲ್ಲಿ ಎಡಬಲ ಸಮ ಮಾಡಿ, ಆಮೇಲೆ ಗಾಜಿನ ಮೇಲಿಟ್ಟು ನೋಡೋಣ." ಅವರಿಗೆ ಇಷ್ಟ ಆಗ್ಲಿಲ್ಲ, ಅಷ್ಟು ದಿನದ ಕೆಲಸ ಅಳಿಸಿ ಹಾಕ್ದಂಗೆ ಅನ್ನಿಸ್ತು ಅಂತ ಆಮೇಲೆ ಹೇಳಿದ್ರು. ಆದ್ರೂ ಒಪ್ಕೊಂಡ್ರು, ಇಲ್ಲಿಂದಲೇ ಪ್ರಕರಣ ತಿರುಗಿದ್ದು.

ಎಡಕ್ಕೊಂದು ಥರ ಬಲಕ್ಕೊಂದು ಥರ ಅಂದ್ರೆ ಪ್ಯಾನ್ ಕಾರು ಓಡಿಸೋರ ಬಾಯಲ್ಲಿ ಮೊದಲು ಬರೋ ಮಾತು ಟ್ವೀಕ್. ಕಾರು ಸಮ ನೆಲದ ಮೇಲೆ ನಿಂತಾಗ ನಾಲ್ಕು ಚಕ್ರದ ಮೇಲೂ ಭಾರ ಎಡಬಲ ಸಮ ಬೀಳ್ಬೇಕು. ಚಾಸಿಗೂ ಪಾಡಿಗೂ ಮಧ್ಯೆ ತಿರುಚು ಇದ್ರೆ ಎದುರು ಬದುರು ಮೂಲೆಯ ಎರಡು ಚಕ್ರಕ್ಕೆ ಭಾರ ಜಾಸ್ತಿ, ಉಳಿದೆರಡಕ್ಕೆ ಕಡಿಮೆ, ಒಂದು ಕಾಲು ಗಿಡ್ಡ ಇರೋ ಮಂಚದ ಥರ. ಪರೀಕ್ಷೆ ತುಂಬ ಸರಳ. ಸಮ ಗಾಜಿನ ಮೇಲೆ ಕಾರಿಟ್ಟು, ಚಾಸಿಯ ಮುಂದಿನ ತುದಿಯ ಸರಿ ಮಧ್ಯಕ್ಕೆ ಚೂಪಾದ ಚಾಕು ತುದಿ ಕೊಟ್ಟು ನಿಧಾನಕ್ಕೆ ಎತ್ತೋದು. ಎರಡೂ ಮುಂದಿನ ಚಕ್ರ ಒಟ್ಟಿಗೆ ಮೇಲೇಳ್ಬೇಕು. ಅವರ ಕಾರಲ್ಲಿ ಬಲದ ಚಕ್ರ ಮೊದಲು ಎದ್ದಿತ್ತು, ಎಡದ್ದು ತಡವಾಗಿ. ಅಂದ್ರೆ ಎಡ ಮುಂದೆ, ಬಲ ಹಿಂದೆ, ಈ ಜೋಡಿ ಮೇಲೆ ಭಾರ ಜಾಸ್ತಿ. ಎಡ ತಿರುವಲ್ಲಿ ಜಾರೋದು ಬಲ ತಿರುವಲ್ಲಿ ತಿರುಗದೇ ಇರೋದು ಎರಡಕ್ಕೂ ಇದು ಸರಿಹೊಂದುತ್ತೆ.

ಇಲ್ಲಿ ಬಹಳ ಜನ ಮಾಡೋದು ಏನಂದ್ರೆ ಸೈಡ್ ಸ್ಪ್ರಿಂಗಿನ ಸ್ಕ್ರೂ ಒಂದು ಕಡೆ ಬಿಗಿ ಮಾಡಿ ಎರಡೂ ಚಕ್ರ ಒಟ್ಟಿಗೆ ಏಳೋ ಹಾಗೆ ಮಾಡಿ ಮುಗೀತು ಅಂದ್ಕೊಳ್ಳೋದು. ಗೆಳೆಯರೂ ಅದನ್ನ ಮೊದಲೇ ಮಾಡಿದ್ರು, ಪುಸ್ತಕದಲ್ಲಿ ಇತ್ತು. ಟೇಬಲ್ ಮೇಲೆ ಸರಿ ಕಾಣ್ತಿತ್ತು, ಟ್ರ್ಯಾಕಲ್ಲಿ ಸರಿ ಹೋಗ್ತಿರ್ಲಿಲ್ಲ. ಆದ್ರಿಂದ ನಾವು ಸ್ಕ್ರೂ ಮುಟ್ಟದೆ ಒಂದೊಂದೇ ಬಿಚ್ತಾ ಹೋದ್ವಿ.

ಮೊದಲು ಟೈರ್ ಅಳತೆ. ಹಿಂದಿನ ಎರಡರಲ್ಲಿ ಎಡದ್ದು ಬಲದ್ದಕ್ಕಿಂತ ಸುಮಾರು 0.4 ಎಂಎಂ ಚಿಕ್ಕದಿತ್ತು. ಟೈರ್ ಟ್ರೂಯರ್ ಅನ್ನೋ ಟೈರ್ ಸವೆಸೋ ಯಂತ್ರದಲ್ಲಿ ಕತ್ತರಿಸಿ ಎರಡೂ ಸಮ ಮಾಡಿದ್ವಿ. ಟ್ವೀಕ್ ಸ್ವಲ್ಪ ಕಡಿಮೆ ಆಯ್ತು, ಹೋಗ್ಲಿಲ್ಲ. ಆಮೇಲೆ ಬ್ಯಾಟರಿ ತೆಗೆದು ನೋಡಿದ್ವಿ, ಕೆಲವು ಸಲ ಬ್ಯಾಟರಿ ಟೇಪ್ ಬಿಗಿ ಎಳೆದು ಕಟ್ಟಿದ್ರೆ ಅದೇ ತೆಳ್ಳನೆ ಚಾಸಿಯನ್ನ ತಿರುಚುತ್ತೆ, ಇಲ್ಲಿ ಹಾಗಾಗಿರ್ಲಿಲ್ಲ. ಸೈಡ್ ಸ್ಪ್ರಿಂಗ್ ತೆಗೆದ್ವಿ, ಡ್ಯಾಂಪರ್ ಟ್ಯೂಬ್ ಬಿಚ್ಚಿದ್ವಿ, ಸೆಂಟರ್ ಶಾಕ್ ಒಂದು ತುದಿ ಕಳಚಿದ್ವಿ. ಈಗ ಪಾಡು ಪಿವಟ್ ಬಾಲು ಮತ್ತೆ ಸೈಡ್ ಲಿಂಕ್ ಮೇಲೆ ಮಾತ್ರ ನಿಂತಿದೆ, ಎತ್ತಿ ಬಿಟ್ರೆ ತನ್ನ ಭಾರಕ್ಕೆ ತಾನೇ ಧೊಪ್ ಅಂತ ಬೀಳ್ಬೇಕು, ಎಡಕ್ಕೆ ವಾಲಿಸಿದ್ರೆ ಅಷ್ಟೇ ಸುಲಭವಾಗಿ ಬಲಕ್ಕೂ ವಾಲ್ಬೇಕು.

ಬೀಳ್ಲಿಲ್ಲ. ನಿಧಾನಕ್ಕೆ ಇಳಿದು ಅರ್ಧಕ್ಕೆ ನಿಂತ್ಕೊಳ್ತು, ಅದೂ ಬಲಕ್ಕೆ ವಾಲಿ.

ಸೈಡ್ ಲಿಂಕಿನ ಬಾಲ್ ಕಪ್ಪು ಬಿಗಿ ಇದೆ ಅಂತ ಮೊದಲು ಅನುಮಾನ ಬಂತು, ಒಂದು ಸ್ವಲ್ಪ ಬಿಗಿ ಇತ್ತು, ಇಕ್ಕಳದಲ್ಲಿ ಮೆತ್ತಗೆ ಒತ್ತಿ ಸಡಿಲ ಮಾಡಿದ್ವಿ. ಹೆಚ್ಚೇನೂ ಬದಲಾಗ್ಲಿಲ್ಲ. ಆಗ ಅದೇ ಕಾರು ಓಡಿಸ್ತಿದ್ದ ಹಿರಿಯ ಓಟಗಾರರೊಬ್ಬರು ತಮ್ಮ ಕಾರು ತಂದು ಪಕ್ಕದಲ್ಲಿಟ್ರು, ಅದರ ಶಾಕು ಸ್ಪ್ರಿಂಗು ಕಳಚಿ ಪಾಡ್ ಎತ್ತಿ ಬಿಟ್ರು, ಸೀದಾ ಬಿತ್ತು. ಎರಡೂ ಕಾರನ್ನ ನೋಡ್ತಾ ನೋಡ್ತಾ ಅವರೇ ಕೇಳಿದ್ರು, "ನಿಮ್ಮ ಮೋಟರ್ ವೈರ್ ಯಾಕೆ ಇಷ್ಟು ಗಿಡ್ಡ?" ಅವರ ಕಾರಲ್ಲಿ ಮೂರೂ ವೈರ್ ತೆಳ್ಳಗೆ, ಮೆತ್ತಗೆ, ಸ್ಪೀಡೋದಿಂದ ಮೇಲಕ್ಕೆದ್ದು ಸಡಿಲವಾಗಿ ಬಾಗಿ ಮೋಟರಿಗೆ ಇಳಿದಿದ್ವು. ನಮ್ಮ ಗೆಳೆಯರ ಕಾರಲ್ಲಿ ದಪ್ಪ ವೈರು, ಸೀದಾ, ಟೈಟು.

ವೈರಿನ ಬೆಸುಗೆ ಬಿಡಿಸಿ ಪಾಡ್ ಎತ್ತಿ ಬಿಟ್ವಿ. ಸೀದಾ ಬಿತ್ತು, ಸಮ ನಿಂತಿತ್ತು.

ಗಾಯ ಅಲ್ಲಿತ್ತು. ಸ್ಪೀಡೋ ಇರೋದು ಚಾಸಿ ಮೇಲೆ, ಮೋಟರ್ ಇರೋದು ಪಾಡಲ್ಲಿ, ಎರಡರ ಮಧ್ಯೆ ಅಲುಗಾಟ ಇರ್ಬೇಕು, ಆ ಅಲುಗಾಟನೇ ಪ್ಯಾನ್ ಕಾರಿನ ಹಿಂದಿನ ಸಸ್ಪೆನ್ಷನ್ನು. ಅದರ ಮಧ್ಯೆ ಮೂರು ಬಿಗಿ ವೈರ್ ಅಂದ್ರೆ ಯಾರೂ ಲೆಕ್ಕಕ್ಕೆ ತಗೊಳದ ಇನ್ನೊಂದು ಸ್ಪ್ರಿಂಗ್ ಕೂತ ಹಾಗೆ, ಅದೂ ಒಂದೇ ಕಡೆಗೆ ತಳ್ಳೋ ಸ್ಪ್ರಿಂಗು. ಟೂರಿಂಗ್ ಕಾರಲ್ಲಿ ಮೋಟರು ಸ್ಪೀಡೋ ಎರಡೂ ಒಂದೇ ಚಾಸಿಗೆ ಬಿಗಿದಿರೋದ್ರಿಂದ ವೈರ್ ಎಷ್ಟು ಗಿಡ್ಡ ಇದ್ರೆ ಅಷ್ಟು ಒಳ್ಳೇದು, ಆ ಅಭ್ಯಾಸ ಇಲ್ಲಿ ತಿರುಗುಬಾಣ ಆಯ್ತು. ಸೈಡ್ ಸ್ಪ್ರಿಂಗ್ ಸ್ಕ್ರೂ ತಿರುಗಿಸಿ ಯಾಕೆ ಸರಿ ಹೋಗ್ಲಿಲ್ಲ ಅನ್ನೋದೂ ಈಗ ಸ್ಪಷ್ಟ. ಎರಡೂ ಸೈಡ್ ಸ್ಪ್ರಿಂಗು ಪಾಡ್ ಸಮ ಇರೋವಾಗ ಸುಮ್ನೆ ಮುಟ್ಟಿಕೊಂಡಿರ್ಬೇಕು. ವೈರ್ ತಳ್ಳೋದನ್ನ ತಡೆಯೋಕೆ ಒಂದು ಸ್ಪ್ರಿಂಗನ್ನ ಅದುಮಿ ಇಟ್ರೆ ನಿಂತಾಗ ಕಾರು ಸಮ ಕಾಣುತ್ತೆ, ತಿರುವಲ್ಲಿ ವಾಲಿದಾಗ ಎಡಕ್ಕೊಂದು ಗಟ್ಟಿತನ ಬಲಕ್ಕೊಂದು ಗಟ್ಟಿತನ. ಮತ್ತೆ ಒಂದೊಂದು ಗುದ್ದಿಗೂ, ಒಂದೊಂದು ಸಲ ಮೋಟರ್ ಬಿಚ್ಚಿ ಹಾಕಿದಾಗ್ಲೂ ವೈರಿನ ಬಾಗು ಬದಲಾಗುತ್ತೆ, ಅದರ ಜೊತೆ ಟ್ವೀಕೂ ಬದಲಾಗುತ್ತೆ. ಒಂದು ರನ್ ಅದ್ಭುತ, ಮುಂದಿನ ರನ್ ಕೆಟ್ಟದು, ಅದರ ಮೂಲದಲ್ಲಿ ದೊಡ್ಡ ಪಾಲು ಇದೇ.

ತೆಳ್ಳನೆ ಎಳೆಗಳಿರೋ ಮೆತ್ತನೆ ಸಿಲಿಕಾನ್ ವೈರ್ ತಗೊಂಡು, ಉದ್ದ ಸ್ವಲ್ಪ ಜಾಸ್ತಿ ಬಿಟ್ಟು, ಮೇಲಕ್ಕೆ ಕಮಾನಾಗಿ ಬಾಗಿಸಿ ಬೆಸೆದ್ರು. ಬಾಡಿ ಒಳಗೆ ತಗಲದ ಹಾಗೆ ನೋಡ್ಕೊಂಡ್ರು. ಸೆನ್ಸರ್ ಕೇಬಲ್ ಕೂಡ ಸಡಿಲ. ವೈರ್ ಹಾಕಿದ ಮೇಲೆ ಮತ್ತೆ ಪಾಡ್ ಬೀಳೋ ಪರೀಕ್ಷೆ, ಆಮೇಲೆ ಡ್ಯಾಂಪರ್ ಟ್ಯೂಬು. ಅಲ್ಲೂ ಒಂದರಲ್ಲಿ ಎಣ್ಣೆ ತುಂಬಿತ್ತು ಇನ್ನೊಂದು ಒಣಗಿತ್ತು, ಎರಡನ್ನೂ ಒರೆಸಿ ಒಂದೇ ಎಣ್ಣೆ ಹಾಕಿ ಬೆರಳಲ್ಲಿ ಎಳೆದು ಸಮ ಇದೆಯಾ ಅಂತ ನೋಡಿದ್ರು. ಕೊನೆಗೆ ಸೈಡ್ ಸ್ಪ್ರಿಂಗು, ಮುಟ್ಟಿ ಮುಟ್ಟದ ಹಾಗೆ. ಚಾಕು ತುದಿ ಪರೀಕ್ಷೆಯಲ್ಲಿ ಎರಡೂ ಚಕ್ರ ಒಟ್ಟಿಗೆ ಎದ್ವು, ಸ್ಕ್ರೂ ಹೆಚ್ಚುಕಮ್ಮಿ ಎರಡೂ ಕಡೆ ಒಂದೇ ಅಳತೆ.

ಟ್ರ್ಯಾಕಿಗೆ ಇಳಿಸಿದಾಗ ಅವರ ಮುಖ ನೋಡ್ಬೇಕಿತ್ತು. ಕಾರು ವೇಗ ಆಗಿರ್ಲಿಲ್ಲ, ಆದ್ರೆ ಎಡ ಬಲ ಎರಡೂ ತಿರುವಲ್ಲಿ ಒಂದೇ ಥರ ಸ್ವಲ್ಪ ಲೂಸಾಗಿತ್ತು, ಅಂದ್ರೆ ಹಿಂಭಾಗ ಸ್ವಲ್ಪ ಜಾರ್ತಿತ್ತು. ಎರಡೂ ಕಡೆ ಒಂದೇ ತಪ್ಪು ಮಾಡೋ ಕಾರನ್ನ ಸರಿ ಮಾಡ್ಬಹುದು.

ಉಳಿದ ಎರಡು ಗಂಟು

ಮೋಟರ್ ಸುಸ್ತಾಗಿದೆ ಅನ್ನೋದು ಕ್ಯಾಲಿಪರ್ ಹಿಡಿದ ತಕ್ಷಣ ಬಿಡಿಸ್ಕೊಳ್ತು. ಡೈರೆಕ್ಟ್ ಡ್ರೈವ್ ಕಾರಲ್ಲಿ ಟೈರಿನ ವ್ಯಾಸನೂ ಗೇರಿಂಗಿನ ಒಂದು ಭಾಗ, ಫೋಮ್ ಟೈರ್ ಸವೀತಾ ಟ್ರೂ ಮಾಡ್ತಾ ಹೋದ್ಹಾಗೆ ಚಿಕ್ಕದಾಗುತ್ತೆ. ರೋಲ್‌ಔಟ್ ಅಂದ್ರೆ ಮೋಟರ್ ಒಂದು ಸುತ್ತು ತಿರುಗಿದಾಗ ಕಾರು ಮುಂದೆ ಹೋಗೋ ದೂರ: ವ್ಯಾಸ ಗುಣಿಸು 3.14, ಅದನ್ನ ಪಿನಿಯನ್ ಹಲ್ಲಿಂದ ಗುಣಿಸಿ ಸ್ಪರ್ ಹಲ್ಲಿಂದ ಭಾಗಿಸೋದು. ಶುರುವಲ್ಲಿ ಹಿಂದಿನ ಟೈರ್ 42.5 ಎಂಎಂ, ಪಿನಿಯನ್ 44, ಸ್ಪರ್ 76, ರೋಲ್‌ಔಟ್ ಸುಮಾರು 77.3 ಎಂಎಂ. ಈಗ ಟೈರ್ 40.5ಕ್ಕೆ ಬಂದಿದೆ, ಗೇರ್ ಅದೇ ಇದೆ, ರೋಲ್‌ಔಟ್ 73.7. ಹೆಚ್ಚುಕಮ್ಮಿ ನೂರಕ್ಕೆ ಐದರಷ್ಟು ಹೋಗಿದೆ, ಸ್ಟ್ರೇಟಲ್ಲಿ ನಿಧಾನ ಅನ್ನಿಸದೆ ಇನ್ನೇನು. ಪಿನಿಯನ್ 46 ಹಾಕಿದ್ರು, ರೋಲ್‌ಔಟ್ 77.0ಕ್ಕೆ ಬಂತು. ಹೊಸ ಪಿನಿಯನ್ ಅದೇ ಪಿಚ್‌ದಾ, ಅಂದ್ರೆ ಹಲ್ಲಿನ ಅಳತೆ ಅದೇನಾ ಅಂತ ನೋಡ್ಕೊಂಡು, ಎರಡೂ ಗೇರಿನ ಹಲ್ಲು ಕೂಡೋ ಮೆಶ್ ಸರಿ ಮಾಡಿ, ಕೆಲವು ನಿಮಿಷ ಓಡಿಸಿ ನಿಲ್ಲಿಸಿ ಮೋಟರ್ ಎಷ್ಟು ಬಿಸಿ ಆಗಿದೆ ಅಂತ ನೋಡಿ ಆಮೇಲೆ ಪೂರ್ತಿ 8 ನಿಮಿಷ ಓಡಿಸಿದ್ರು. ಹೊಸ ಮೋಟರ್ ತಗೊಳೋದು ನಿಂತೋಯ್ತು.

ಕೊನೇ ನಿಮಿಷಗಳಲ್ಲಿ ಹಿಡಿತ ಹೋಗೋದು ಇನ್ನೂ ಇತ್ತು. ಅವರು ಸಾಸನ್ನ ಮುಂದಿನ ಟೈರಿಗೂ ಹಿಂದಿನ ಟೈರಿಗೂ ಪೂರ್ತಿ ಅಗಲಕ್ಕೆ, ಒಂದೇ ಹೊತ್ತು ಹಚ್ಚಿಡ್ತಿದ್ರು. ರನ್ ಮುಂದುವರಿದ ಹಾಗೆ ಮುಂದಿನ ಟೈರಿನ ಹಿಡಿತ ಏರ್ತಾ ಹೋಗಿ ಹಿಂಭಾಗ ಅದಕ್ಕೆ ಸರಿಸಮ ನಿಲ್ತಿರ್ಲಿಲ್ಲ. ಇಲ್ಲಿ ಎರಡು ದಾರಿ ಇತ್ತು, ಹಿಂದೆ ಹಿಡಿತ ಸೇರಿಸೋದು ಅಥವಾ ಮುಂದೆ ಕಡಿಮೆ ಮಾಡೋದು. ಗೆಳೆಯರಿಗೆ ಬ್ಯಾಟರಿ ಹಿಂದಕ್ಕೆ ಸರಿಸ್ಬೇಕು ಅನ್ನಿಸ್ತು. ನನ್ನ ಅಭಿಪ್ರಾಯ ಮೊದಲು ಸಾಸು, ಯಾಕಂದ್ರೆ ಅದಕ್ಕೆ ಸ್ಪ್ಯಾನರ್ ಬೇಡ, ವಾಪಸ್ ಬರೋದೂ ಸುಲಭ, ಬ್ಯಾಟರಿ ಸರಿಸಿದ್ರೆ ರನ್ನಿನ ಶುರುವಲ್ಲೂ ಕಾರಿನ ಸ್ವಭಾವ ಬದಲಾಗುತ್ತೆ. ಹಿಂದಿನ ಟೈರಿಗೆ ಪೂರ್ತಿ ಅಗಲ, ಮುಂದಿನದಕ್ಕೆ ಒಳಗಿನ ಅರ್ಧ ಮಾತ್ರ, ಅದೂ ಕಡಿಮೆ ಹೊತ್ತು. ಶುರುವಿನ ಲ್ಯಾಪುಗಳಲ್ಲಿ ಸ್ಟೀರಿಂಗ್ ಮಂದ ಅನ್ನಿಸ್ತು ಅವರಿಗೆ, ಎರಡನೇ ನಿಮಿಷದಿಂದ ಸರಿಹೋಗಿ ಕೊನೇವರೆಗೂ ಅದೇ ಥರ ನಿಂತ್ಕೊಳ್ತು. ಬ್ಯಾಟರಿ ಇದ್ದಲ್ಲೇ ಇದೆ.

ಇದಾದ ಮೇಲೆ ಸ್ಪ್ರಿಂಗ್ ಪೆಟ್ಟಿಗೆ ತೆಗೆಯೋಕೆ ಅವಕಾಶ ಸಿಕ್ತು. ಮುಂದಿನ ಸ್ಪ್ರಿಂಗ್ 0.45 ಇಂದ 0.50ಗೆ, ಅಷ್ಟೇ, ಈ ಸಲ ಅದು ಎರಡೂ ತಿರುವಲ್ಲಿ ಒಂದೇ ಥರ ಕೆಲಸ ಮಾಡ್ತು. ಇದೇ ಬದಲಾವಣೆ ಮೊದಲು ಮಾಡಿದಾಗ "ಬಲ ತಿರುವು ಕೆಟ್ಟಿತು" ಅಂತ ಬರ್ಕೊಂಡಿದ್ರು. ಅವರು ಆ ಎರಡೂ ಪುಟ ಅಕ್ಕಪಕ್ಕ ಇಟ್ಟು ತೋರಿಸಿದ್ರು ನನಗೆ.

ಏನಾಯ್ತು, ಏನು ಉಳೀತು

ಫಲಿತಾಂಶ ದೊಡ್ಡದೇನಲ್ಲ, ಬಿ ಮೇನ್, ಅಂದ್ರೆ ಎರಡನೇ ಹಂತದ ಫೈನಲ್ಲಲ್ಲಿ ಗೋಡೆ ಹುಡುಕ್ಕೊಂಡು ಹೋಗ್ತಿದ್ದೋರು ಮುಖ್ಯ ಫೈನಲ್ಲಾದ ಎ ಮೇನ್‌ನ ಕೊನೇ ಸಾಲಿಗೆ ಬಂದ್ರು. ಅವರ ಅತಿ ವೇಗದ ಲ್ಯಾಪು ಮೊದಲಿಗಿಂತ ಹೆಚ್ಚೇನೂ ಸುಧಾರಿಸ್ಲಿಲ್ಲ, ಸುಧಾರಿಸಿದ್ದು ಉಳಿದ ಲ್ಯಾಪುಗಳು. 8 ನಿಮಿಷದ ರೇಸಲ್ಲಿ ಜಾಗ ಬದಲಾಗೋದು ಅಲ್ಲೇ.

ಈ ಪ್ರಕರಣದಿಂದ ನಮ್ಮ ಗುಂಪಲ್ಲಿ ಅಭ್ಯಾಸವಾಗಿ ಉಳಿದಿದ್ದು ಮುಖ್ಯವಾಗಿ ಕ್ರಮ. ಹೊಸ ಪ್ಯಾನ್ ಕಾರು ಯಾರೇ ತಂದ್ರೂ ಈಗ ಮೊದಲು ಕೇಳೋದು ಸ್ಪ್ರಿಂಗ್ ಯಾವುದು ಅಂತ ಅಲ್ಲ, ವೈರು ಬೆಸೆದ ಮೇಲೆ ಪಾಡ್ ತಾನಾಗೇ ಬೀಳುತ್ತಾ ಅಂತ. ವೈರ್ ಬೆಸೆಯೋ ಮೊದಲು ಪರೀಕ್ಷೆ ಮಾಡಿದ್ರೆ ಪ್ರಯೋಜನ ಇಲ್ಲ, ಕಿಟ್ ಜೋಡಿಸೋವಾಗ ಎಲ್ಲರ ಪಾಡೂ ಚೆನ್ನಾಗೇ ಬೀಳುತ್ತೆ. ಆಮೇಲೆ ಟೈರಿನ ವ್ಯಾಸ ನಾಲ್ಕೂ, ಆಮೇಲೆ ರೈಡ್ ಹೈಟು (ಚಾಸಿ ನೆಲದಿಂದ ಇರೋ ಎತ್ತರ), ಪಾಡ್ ಡ್ರೂಪು (ಪಾಡ್ ಕೆಳಕ್ಕೆ ಎಷ್ಟು ಇಳಿಯುತ್ತೆ ಅನ್ನೋದು), ಆಮೇಲೆ ಟ್ವೀಕು. ಟೈರ್ ಸಮ ಇಲ್ದೆ ರೈಡ್ ಹೈಟ್ ಅಳೆಯೋದಾಗ್ಲಿ, ಪಾಡ್ ಬಿಗಿ ಇರೋವಾಗ ಟ್ವೀಕ್ ಸ್ಕ್ರೂ ತಿರುಗಿಸೋದಾಗ್ಲಿ ಮುಂದೆ ಇನ್ನಷ್ಟು ಗೋಜಲಿಗೆ ದಾರಿ. ಪುಸ್ತಕದಲ್ಲಿ ಪ್ರತಿ ರನ್ನಿಗೂ ಹಿಂದಿನ ವ್ಯಾಸ, ರೋಲ್‌ಔಟ್, ಸಾಸ್ ಎಷ್ಟು ಅಗಲ ಎಷ್ಟು ಹೊತ್ತು, ಇವು ಮೊದಲ ಸಾಲು. ಗೆಳೆಯರು ತಾವೇ ಆ ಪುಟ ಗೆರೆ ಹಾಕಿ ಮಾಡಿ ಎಲ್ಲರಿಗೂ ಹಂಚಿದ್ರು.

ಇನ್ನೊಂದು ವಿಷಯದಲ್ಲಿ ನಮ್ಮಲ್ಲಿ ಒಮ್ಮತ ಇಲ್ಲ. ಆ ಹಿರಿಯ ಓಟಗಾರರು ಹೇಳೋದು ಮೊದಲ ಪ್ಯಾನ್ ಕಾರಿಗೆ 13.5 ಬೇಡ, 17.5 ಟರ್ನ್ ಇಟ್ಕೊಂಡು ತಿರುವಲ್ಲಿ ವೇಗ ಉಳಿಸೋದು ಕಲೀಲಿ ಅಂತ. ನನಗೆ ಅನ್ಸೋದು ಜನ ಸೇರೋ ಕ್ಲಾಸು ಯಾವುದೋ ಅದೇ ಸರಿ, ಟ್ರ್ಯಾಕಲ್ಲಿ ಸಮದ ಕಾರುಗಳ ಮಧ್ಯೆ ಓಡಿಸಿದ್ರೇನೇ ನಮ್ಮ ಕಾರು ಎಲ್ಲಿ ಸೋಲ್ತಿದೆ ಅಂತ ತಿಳಿಯೋದು. ಗೆಳೆಯರ ಅನುಭವ ಎರಡು ಕಡೆಗೂ ಸಾಕ್ಷಿ ಆಗ್ಬಹುದು.

ಈಗ ಅವರಿಗಿರೋ ತೊಂದ್ರೆ ಬೇರೆ ಥರದ್ದು. ಟ್ರ್ಯಾಕಿಗೆ ರಬ್ಬರು ಸಾಸು ಕೂತು ಹಿಡಿತ ಜಾಸ್ತಿ ಆದ ದಿನ, ವೇಗದ ತಿರುವಲ್ಲಿ ಮುಂದಿನ ಹೊರಗಿನ ಟೈರಿನ ಅಂಚು ಕಚ್ಕೊಂಡು ಕಾರು ಮಗುಚುತ್ತೆ, ಟ್ರ್ಯಾಕ್ಷನ್ ರೋಲು. ಮುಂದಿನ ರೇಸಿಗೆ ಮುಂದಿನ ಟೈರಿನ ಹೊರ ಅಂಚಿಗೆ ಮಾತ್ರ ತೆಳ್ಳಗೆ ಸೂಪರ್ ಗ್ಲೂ ಹಚ್ಚಿ ಒಣಗಿಸಿ ನೋಡ್ತಾರೆ. ಅದು ಸಾಲದಿದ್ರೆ ಮುಂದಿನ ಟೈರು ಎರಡನ್ನೂ ಅರ್ಧ ಎಂಎಂ ಚಿಕ್ಕದು ಮಾಡಿ ರೈಡ್ ಹೈಟ್ ಮತ್ತೆ ಹೊಂದಿಸೋದು, ಎರಡನ್ನೂ ಒಂದೇ ರನ್ನಲ್ಲಿ ಮಾಡಲ್ಲ ಅಂತ ಪುಸ್ತಕದಲ್ಲಿ ಆಗ್ಲೇ ಬರ್ಕೊಂಡಿದಾರೆ.